ಹಚ್ಚಿ, ಕಿತ್ತು, ಮತ್ತೆ ಹಚ್ಚಿದ ಪಟ್ಟಿ

ನವನಗರದ ದವಾಖಾನೆಯೊಂದರ ಪಾವಟಿಗೆಗಳ ಅಂಚಿಗೆ, ಕಾಲು ಜಾರದಿರಲಿ ಅಂತ, ಅಲ್ಯೂಮಿನಿಯಂ ಪಟ್ಟಿ ಹಚ್ಚಿ ಎರಡು ಬೇಸಿಗೆ, ಎರಡು ಮಳೆಗಾಲ ದಾಟಿದವು. ಒಟ್ಟು 22 ಪಾವಟಿಗೆ. ಹೋದ ವಾರ ಅಲ್ಲಿ ಹೋಗಿ, ಸ್ಕ್ರೂಡ್ರೈವರಿನ ಹಿಡಿಕೆಯಿಂದ ಒಂದೊಂದನ್ನೂ ಬಡಿದು ನೋಡಿ ಬಂದೆ. ಎಲ್ಲವೂ 'ಟಪ್' ಅಂದವು. 'ಠಣ್' ಅಂದದ್ದು, ಅಂದರೆ ಒಳಗೆ ಪೊಳ್ಳಾದದ್ದು, ಒಂದೂ ಇಲ್ಲ. ನೆಲಕ್ಕೆ ವಿನೈಲ್ ಶೀಟು ಹಾಸುವ ಕೆಲಸ ಮಾಡುವವರಿಗೆ ಈ ಎರಡು ಸಪ್ಪಳದ ನಡುವಿನ ಫರಕು ಎಷ್ಟು ರೊಕ್ಕದ್ದು ಅಂತ ಬಿಡಿಸಿ ಹೇಳಬೇಕಿಲ್ಲ.

ಪಟ್ಟಿಯನ್ನು ಒಮ್ಮೆ ಹಚ್ಚಿ, ಕಿತ್ತು, ಮತ್ತೆ ಹಚ್ಚುತ್ತೇನೆ ಅಂದಾಗ ನಕ್ಕವರೇ ಹೆಚ್ಚು. ಅಲ್ಲಿಯೇ ಬಚ್ಚಲಿನ ಟೈಲ್ಸ್ ಕೆಲಸಕ್ಕೆ ಬಂದಿದ್ದ ಗೌಂಡಿ ಕಾಕಾ ಬೀಡಿ ಕೈಯಲ್ಲಿ ಹಿಡಿದು, "ಹಚ್ಚಿದ್ದನ್ನ ಮತ್ತ ಕಿತ್ತು ಹಚ್ಚೋದು ಯಾವ ಶಾಣ್ಯಾತನೋ ತಮ್ಮಾ? ಗ್ರೈಂಡರ್ ತಗೊಂಡು ಆ ಕಲ್ಲಿನ ಗುಂಡಂಚು ಕೊಯ್ದು ಒಗಿ, ಮುಗೀತು" ಅಂದ. ಮುಗಿಯುತ್ತಿತ್ತು, ಖರೆ. ಮೇಲಿನ ಮಾಳಿಗೆಯಲ್ಲಿ ಬಾಣಂತಿಯರು ಮಲಗಿದ್ದರು. ಗ್ರಾನೈಟ್ ಧೂಳು ಅಲ್ಲಿಗೆ ಏರಿದ್ದರೆ ನನ್ನ ಕೆಲಸವೂ ಅಲ್ಲಿಗೇ ಮುಗಿಯುತ್ತಿತ್ತು.

ಮೊದಲು ನಾನು ಕೆಟ್ಟ ಕತೆ.

ಮೊಟ್ಟಮೊದಲು ಪಟ್ಟಿ ಹಚ್ಚಿದ್ದು ವಿದ್ಯಾಗಿರಿಯಲ್ಲಿರುವ ನಮ್ಮ ಅಕ್ಕನ ಮನೆಯಲ್ಲಿ. ಬರೇ ರಬ್ಬರ್ ಗಮ್, ಸ್ಕ್ರೂ ಇಲ್ಲ. ಎರಡೂ ಕಡೆ ಗೋಡೆ ಇದ್ದ ಪಾವಟಿಗೆ. ಸಂದು ಕಾಣಬಾರದು ಅಂತ ಪಟ್ಟಿಯನ್ನು ಗೋಡೆಯಿಂದ ಗೋಡೆಗೆ ಒತ್ತಿ ಕೂರುವಂತೆ ಕತ್ತರಿಸಿದ್ದೆ. ಯುಗಾದಿಗೆ ಹಚ್ಚಿದ್ದು, ಮೇ ತಿಂಗಳ ನಡುವೆ ಅಕ್ಕನ ಫೋನು: "ಏನ್ ಹಚ್ಚಿಯೋ ನೀ, ನಡುವ ಬಿಲ್ಲಿನಂಗ ಎದ್ದು ನಿಂತಾವ. ನಿಮ್ಮ ಮಾವಾರು ಎಡವಿ ಬೀಳೋದು ಒಂದು ಉಳದೈತಿ." ಪಡುವಣ ಕಿಟಕಿಯ ಬಿಸಿಲು ನೇರ ಪಾವಟಿಗೆ ಮೇಲೆ ಬೀಳುತ್ತಿತ್ತು. ನಮ್ಮ ಕಡೆ ಮೇನಲ್ಲಿ ನೆರಳಲ್ಲೇ 40 ದಾಟುತ್ತದೆ, ಬಿಸಿಲಲ್ಲಿದ್ದ ಅಲ್ಯೂಮಿನಿಯಂ ಮುಟ್ಟಿದರೆ ಚುರ್ ಅನ್ನುತ್ತದೆ. ಒಂದು ಮೀಟರ್ ಅಲ್ಯೂಮಿನಿಯಂ ಹತ್ತು ಡಿಗ್ರಿಗೆ ಕಾಲು ಮಿಲಿಮೀಟರಿನ ಹತ್ತಿರ ಹಿಗ್ಗುತ್ತದೆ. ಕೇಳಲು ಏನೂ ಅಲ್ಲ ಅನಿಸುತ್ತದೆ. ನನಗೂ ಹಾಗೇ ಅನಿಸಿತ್ತು.

ನಂಬಿಕೆ ಬರಲಿಲ್ಲ ಅಂತ ನಮ್ಮ ಮಾಳಿಗೆ ಮೇಲೆ ಒಂದು ಪ್ರಯೋಗ ಮಾಡಿದೆ. ನಾಲ್ಕು ಫೂಟಿನ ಸಪಾಟು ಪಟ್ಟಿಯೊಂದನ್ನು ಮುಂಜಾನೆ ಆರಕ್ಕೆ ಎರಡು ಕಟ್ಟೆಗಳ ನಡುವೆ ಬಿಗಿಯಾಗಿ ಕೂರಿಸಿ ಬಂದೆ. ಮಧ್ಯಾಹ್ನ ಎರಡಕ್ಕೆ ನೋಡಿದರೆ ನಡುಭಾಗ ಅರ್ಧ ಬೆರಳಿನಷ್ಟು ಮೇಲೆದ್ದಿತ್ತು. ಹೆಂಡತಿ ಹಪ್ಪಳ ಒಣಹಾಕಲು ಬಂದವಳು, "ನಿಮ್ಮ ಪಟ್ಟಿಗೂ ಹಪ್ಪಳಕ್ಕೂ ಏನ್ ಫರಕ್ ಇಲ್ಲ ಬಿಡ್ರಿ" ಅಂದಳು. ಅವತ್ತಿನಿಂದ ಎರಡೂ ತುದಿಗೆ ಒಂದೂವರೆ ಎರಡು ಮಿಲಿ ಬಿಡದೆ ಒಂದು ಪಟ್ಟಿಯನ್ನೂ ಕೂರಿಸಿಲ್ಲ. ಸಂದಿಗೆ ಪಟ್ಟಿಯದೇ ಬಣ್ಣದ ಸಿಲಿಕಾನ್ ಎಳೆದರೆ ಯಾರ ಕಣ್ಣಿಗೂ ಬೀಳುವುದಿಲ್ಲ.

ಎರಡನೆಯ ಪೆಟ್ಟು ಒಂದು ಸೀರೆ ಅಂಗಡಿಯಲ್ಲಿ. ಇಲ್ಲಿ ಕಲ್ಲಿನ ತೂತಿಗೆ ಸ್ಕ್ರೂ ಹಿಡಿಯುವ ಗಿಟ್ಟಿ ಹೊಡೆದು ಸ್ಕ್ರೂ ಹಾಕಿದ್ದೆ, ತುದಿಗೆ ಸಂದೂ ಬಿಟ್ಟಿದ್ದೆ. ಮೂರು ತಿಂಗಳಿಗೆ ಮಾಲೀಕರು ಕರೆದು ತೋರಿಸಿದರು. ಪಟ್ಟಿಯ ಮೂಲೆ ಅಲ್ಲಲ್ಲಿ ತಗ್ಗಾಗಿತ್ತು, ಕಾಲಿಟ್ಟರೆ ಠಣ್ ಠಣ್, ಸ್ಕ್ರೂ ಅರ್ಧ ಸುತ್ತು ಸಡಿಲ. ಬಿಗಿ ಮಾಡಿ ಬಂದೆ, ತಿಂಗಳಿಗೆ ಮತ್ತೆ ಸಡಿಲ. ಕೊನೆಗೆ ಸುಮಾರು 4,000 ಕೈಯಿಂದ ಹಾಕಿ ಪಟ್ಟಿ ಬದಲಿಸಿಕೊಟ್ಟೆ.

ತಪ್ಪು ಪಟ್ಟಿಯದಲ್ಲ, ಸ್ಕ್ರೂನದೂ ಅಲ್ಲ. ಅಂಚಿನದು. ನಮ್ಮಲ್ಲಿ ಪಾವಟಿಗೆ ಗ್ರಾನೈಟ್ ಎಂದರೆ ಮುಕ್ಕಾಲು ಇಂಚಿನ ಕಲ್ಲು, ಮೂತಿ, ಅಂದರೆ ಮುಂದಿನ ಅಂಚು, ಅರೆಗುಂಡು ಮಾಡಿ ಪಾಲಿಶ್. ಪಟ್ಟಿ ಕಾಟಕೋನದ್ದು, ಇಂಗ್ಲಿಷಿನ L ಹಾಗೆ. ಗುಂಡು ಮೂತಿಯ ಮೇಲೆ ಕಾಟಕೋನ ಕೂರಿಸಿದರೆ ಒಳಗೆ ತೊಗರಿಕಾಳು ತೂರುವಷ್ಟು ಪೊಳ್ಳು ಉಳಿಯುತ್ತದೆ. ಮನುಷ್ಯ ಇಳಿಯುವಾಗ ಪೂರಾ ಭಾರ ಬೀಳುವುದು ಸರಿಯಾಗಿ ಆ ಪೊಳ್ಳಿನ ಮೇಲೆ. ಪ್ರತಿ ಹೆಜ್ಜೆಗೂ ಪಟ್ಟಿ ಒಂದಿಷ್ಟು ಬಾಗಿ ಏಳುತ್ತದೆ, ಹಾಗೆ ಏಳುವಾಗ ಸ್ಕ್ರೂ ಎಳೆಯುತ್ತದೆ. ಶಹಾಬಾದ್ ಫರಸಿಯ ಹಳೆಯ ಪಾವಟಿಗೆಗಳಲ್ಲಿ ಈ ತಂಟೆ ಬರುವುದಿಲ್ಲ. ಅಲ್ಲಿ ಅಂಚು ಚೌಕ ಇರುತ್ತದೆ.

ಪೊಳ್ಳು ತುಂಬಬೇಕು ಅಂತ ಎಲ್ಲರಿಗೂ ಗೊತ್ತು. ಏನು ತುಂಬಬೇಕು ಅನ್ನುವುದರಲ್ಲೇ ನನ್ನ ಒಂದು ವರ್ಷ ಹೋಯಿತು. ಸಿಲಿಕಾನ್ ತುಂಬಿದೆ. ಸಪ್ಪಳ ಹೋಯಿತು, ಬಾಗುವುದು ನಿಲ್ಲಲಿಲ್ಲ. ಅದು ಗಾದಿ ಇದ್ದ ಹಾಗೆ. ಗ್ರಾನೈಟ್‌ನವರ ಮಾರ್ಬಲ್ ಗಮ್ ಕಲಸಿದೆ. ಏಪ್ರಿಲ್ ಮಧ್ಯಾಹ್ನ, ಗಟ್ಟಿ ಮಾಡುವ ಪೇಸ್ಟ್ ಒಂದು ಚೂರು ಹೆಚ್ಚಾಗಿತ್ತು, ತಗಡಿನ ಮೇಲೇ ಕಲ್ಲಾಗಿ ಕೂತಿತು. ಪೇಸ್ಟ್ ಕಡಿಮೆ ಮಾಡಿ ಹಚ್ಚಿದರೆ ನಿಂತಿತು, ಆದರೆ ಅದು ಸ್ವಭಾವದಲ್ಲೇ ಪೆಡಸು, ಆರು ತಿಂಗಳಿಗೆ ಚೂರುಚೂರಾಗಿ ಉದುರಿತು. ಎಪಾಕ್ಸಿ ಅಂಟು ತುಂಬಿದೆ. ಅದು ಭಾಳ ಗಟ್ಟಿ. ಎಷ್ಟು ಗಟ್ಟಿ ಅಂದರೆ ಪಟ್ಟಿಯನ್ನೂ ಹಿಡಿದುಕೊಂಡು ಅಲುಗಾಡಲು ಬಿಡಲಿಲ್ಲ. ಮೇ ಬಂತು, ಪಟ್ಟಿ ಹಿಗ್ಗಲು ನೋಡಿತು, ಎಪಾಕ್ಸಿ ಬಿಡಲಿಲ್ಲ, ಪಾಲಿಶ್ ಕಲ್ಲಿನ ಮೇಲಿಂದ ಎರಡೂ ಕೂಡಿಯೇ ಎದ್ದು ಬಂದವು.

ಹಾಗೆ ಎದ್ದು ಬಂದ ತುಂಡನ್ನು ಕೈಯಲ್ಲಿ ಹಿಡಿದು ನೋಡಿದಾಗಲೇ ದಾರಿ ಕಂಡದ್ದು. ಎಪಾಕ್ಸಿಯ ಒಂದು ಮೈ ಗುಂಡಂಚಿನ ಅಚ್ಚು, ಇನ್ನೊಂದು ಮೈ ಪಟ್ಟಿಯ ಅಚ್ಚು. ಒಂದು ಕೂದಲಿನಷ್ಟೂ ವ್ಯತ್ಯಾಸವಿಲ್ಲ. ಇದು ಕಲ್ಲಿಗೆ ಅಂಟಿ, ಪಟ್ಟಿಗೆ ಅಂಟದೆ ಉಳಿದರೆ?

ಅದೇ ಹೊತ್ತಿಗೆ ದವಾಖಾನೆಯ ಕೆಲಸ ಬಂತು. ಇಳಕಲ್ಲಿನ ಕೆಂಪು ಗ್ರಾನೈಟ್, ಮಳೆಗಾಲದಲ್ಲಿ ಹಸಿ ಚಪ್ಪಲಿಗೆ ಬೆಣ್ಣೆಯಂತೆ ಜಾರುತ್ತಿತ್ತು. ಎರಡು ಮಿಲಿ ವಿನೈಲ್ ಶೀಟು, ಅಂಚಿಗೆ ರಬ್ಬರ್ ಸೇರಿಸಿದ ಪಟ್ಟಿ ಅಂತ ಡಾಕ್ಟರ್ ಬಾಯಾರ ಜೊತೆ ಮಾತಾಯಿತು. ಪಾವಟಿಗೆಗೆ 1,150ರಂತೆ ಒಪ್ಪಿಕೊಂಡೆ. ವಿನೈಲ್ ಲೆಕ್ಕ ಬೇರೆ.

ಮೊದಲ ದಿನವೇ ಕೆಟ್ಟೆ. ಡ್ರಿಲ್ ಹ್ಯಾಮರ್ ಮೇಲೆ, ಅಂದರೆ ಬಡಿಯುತ್ತ ತಿರುಗುವ ಹಾಗೆ, ಇತ್ತು. ಜೊತೆಗೆ ಕೆಲಸಕ್ಕಿದ್ದ ಅಳಿಯ ಹೊಸಬ, ಅಂಚಿನಿಂದ ಅರ್ಧ ಇಂಚಿಗೇ ತೂತು ಹಾಕಿದ. ಎರಡು ಪಾವಟಿಗೆಯ ಮೂತಿ ಬೆಲ್ಲದ ಹೆಂಟೆ ಒಡೆದ ಹಾಗೆ ಸಿಡಿಯಿತು. "ಮಾಮಾ, ಪಟ್ಟಿ ಮುಚ್ಚತೈತಿ ಬಿಡು" ಅಂದ. ಪಟ್ಟಿ ಮುಚ್ಚುವ ಮೊದಲೇ ಬಾಯಾರು ಮೇಲಿಂದ ಇಳಿದು ಬಂದರು. 3,500 ಬಿಲ್ಲಿನಲ್ಲಿ ಕಡಿತ. ಅವರದು ತಪ್ಪಲ್ಲ. ಅವತ್ತಿನಿಂದ ಗ್ರಾನೈಟಿಗೆ ಹ್ಯಾಮರ್ ಬಂದ್. ಆರು ಮಿಲಿಯ ಡೈಮಂಡ್ ಡ್ರಿಲ್ ಬಿಟ್ ಹಾಕಿ ಮೆಲ್ಲಗೆ ತಿರುಗಿಸುವುದು, ಮುಚ್ಚಳಕ್ಕೆ ಸೂಜಿ ತೂತು ಮಾಡಿದ ಬಿಸ್ಲೇರಿ ಬಾಟಲಿಯಿಂದ ಹನಿಹನಿ ನೀರು. ಅಂಚಿನಿಂದ ಒಂದೂವರೆ ಇಂಚು ಒಳಗೆ. ಒಂದು ಬಿಟ್ಟಿಗೆ ಇಪ್ಪತ್ತರ ಆಚೀಚೆ ತೂತು ಬಂದವು. ಇಳಕಲ್ ಕಲ್ಲು ಅದಕ್ಕಿಂತ ಹೆಚ್ಚು ಕೊಡುವುದಿಲ್ಲ.

ಈಗ ಆ ಹಚ್ಚಿ ಕೀಳುವ ಕೆಲಸ. ರೈಸರ್ ವಿನೈಲು, ಅಂದರೆ ಪಾವಟಿಗೆಯ ನೆಟ್ಟಗಿನ ಮೈಗೆ ಹಚ್ಚಿದ್ದು, ಕಲ್ಲಿನ ಮೂತಿಯ ಕೆಳಗೆ ಹೋಗಿ ನಿಲ್ಲುತ್ತದೆ, ಮೇಲಿನದು ಗುಂಡು ಶುರುವಾಗುವ ಗೆರೆಗಿಂತ ಎರಡು ಮಿಲಿ ಹಿಂದೆಯೇ ನಿಲ್ಲುತ್ತದೆ. ಅವು ಪೂರಾ ಹಿಡಿದ ಮೇಲೆ ಮೂತಿಯ ಪಾಲಿಶ್ ಅನ್ನು 60 ನಂಬರಿನ ಸ್ಯಾಂಡ್ ಪೇಪರಿನಿಂದ ಕೈಯಲ್ಲೇ ತೆಗೆದು ಥಿನ್ನರ್‌ನಿಂದ ಒರೆಸಿದೆ. ಪಟ್ಟಿ ಕತ್ತರಿಸಿ ಹಿಂದೆ ನಂಬರ್ ಬರೆದೆ. ನಾಲ್ಕು ಫೂಟು ಅಂತ ಹೇಳುವ ಪಾವಟಿಗೆಗಳಲ್ಲಿ ಎರಡು ಒಂದೇ ಅಳತೆ ಬಂದರೆ ಅದು ಗೌಂಡಿಯ ಪುಣ್ಯ. ಇಲ್ಲಿ ಎಂಟು ಹತ್ತು ಮಿಲಿ ಹೆಚ್ಚುಕಡಿಮೆ ಇದ್ದವು.

ಆಮೇಲೆ ಪಟ್ಟಿಯ ಒಳಮೈಗೆ ಕಂದು ಬಣ್ಣದ ಪ್ಯಾಕಿಂಗ್ ಟೇಪ್ ಹಚ್ಚಿದೆ, ಡಬ್ಬಿ ಮುಚ್ಚಲು ಹಚ್ಚುತ್ತಾರಲ್ಲ, ಅದೇ. ಸುಕ್ಕು ಇರಬಾರದು. ಸುಕ್ಕು ಬಿದ್ದರೆ ಅದೂ ಅಚ್ಚಾಗುತ್ತದೆ. ಎಪಾಕ್ಸಿಗೆ ಮಾರ್ಬಲ್ ಪುಡಿ ಸೇರಿಸಿ ಚಪಾತಿ ಹಿಟ್ಟಿಗಿಂತ ಒಂದು ಹದ ಮೆತ್ತಗೆ ಕಲಸಬೇಕು. ನಾನು ಇನ್ನೊಂದು ಪುಡಿಯನ್ನೂ ಹಾಕುತ್ತೇನೆ. ಅದು ಯಾವುದು ಅಂತ ಅಳಿಯನಿಗೂ ಹೇಳಿಲ್ಲ, ಇಲ್ಲಿಯೂ ಹೇಳುವುದಿಲ್ಲ. ಮೂತಿಯ ಮೇಲೂ ಕೆಳಗೂ ಅದನ್ನು ಬಳಿದು, ಪಟ್ಟಿ ಒತ್ತಿ, ಹೊರಬಂದದ್ದನ್ನು ಒರೆಸಿ, ಹಾಲಿನ ಪಾಕೀಟಿನಷ್ಟು ದೊಡ್ಡ ಉಸುಕಿನ ಚೀಲಗಳನ್ನು ಸಾಲಾಗಿ ಇಟ್ಟೆವು. ಇಟ್ಟಂಗಿ ಇಡಬೇಡಿ, ಅದು ಒಂದೇ ಕಡೆ ಒತ್ತುತ್ತದೆ.

ರಾತ್ರಿ ಒಂಬತ್ತಕ್ಕೆ ಪೇಶಂಟ್‌ಗಳು ಕಡಿಮೆಯಾದ ಮೇಲೆ ಕೆಲಸ. ಲಿಫ್ಟ್ ಇತ್ತು, ನಮ್ಮ ಪುಣ್ಯ. ಎಪಾಕ್ಸಿ ಗಟ್ಟಿಯಾದ ಮೇಲೆ ಮೊದಲ ಪಟ್ಟಿ ಕೀಳುವಾಗ ಗೌಂಡಿ ಕಾಕಾ ಚಹಾ ಕುಡಿಯುವ ನೆಪದಲ್ಲಿ ನಿಂತಿದ್ದ. ಸುತ್ತಿಗೆ ಮುಟ್ಟಿಸದೆ ಕೀಳುವ ಒಂದು ಉಪಾಯ ಇದೆ, ಬೇಸಿಗೆಯಲ್ಲಿ ಒಂದು ರೀತಿ, ಚಳಿಗಾಲದಲ್ಲಿ ಇನ್ನೊಂದು. ಕೈ ಕೂತವರಿಗೆ ತಾನೇ ಹೊಳೆಯುತ್ತದೆ. ಪಟ್ಟಿ 'ಪಟ್' ಅಂತ ಬಿಟ್ಟಿತು. ಕೆಳಗೆ ಗುಂಡಂಚು ಮಾಯವಾಗಿ, ಚಾಕುವಿನಿಂದ ಕೊಯ್ದ ಹಾಗೆ ಬೂದು ಬಣ್ಣದ ಚೌಕ ಮೂತಿ ನಿಂತಿತ್ತು. ಕಾಕಾ ಹೆಬ್ಬೆರಳಿನಿಂದ ಅದರ ಉದ್ದಕ್ಕೂ ಸವರಿದ. ಏನೂ ಅನ್ನಲಿಲ್ಲ. ಬೀಡಿ ಆರಿತ್ತು, ಮತ್ತೆ ಹಚ್ಚಿಕೊಂಡ.

ಟೇಪ್ ಕಿತ್ತು, ಪಟ್ಟಿ ಒರೆಸಿ, ಪಿ.ಯು. (ಪಾಲಿಯುರಿಥೇನ್) ಸೀಲೆಂಟಿನ ಎರಡು ತೆಳ್ಳಗಿನ ಎಳೆ ಎಳೆದು ಕೂರಿಸಿದೆ. ಪಿ.ಯು. ಹಿಡಿಯುತ್ತದೆ, ಆದರೆ ಪಟ್ಟಿಗೆ ಹಿಗ್ಗಲು ಕುಗ್ಗಲು ಬಿಡುತ್ತದೆ. ಪಾವಟಿಗೆಗೆ ಐದು ಸ್ಕ್ರೂ. ನಡುವಿನದು ಮಾತ್ರ ಬಿಗಿ, ಉಳಿದ ನಾಲ್ಕಕ್ಕೆ ಪಟ್ಟಿಯ ತೂತನ್ನು ಆರೂವರೆ ಮಿಲಿಗೆ ದೊಡ್ಡದು ಮಾಡಿ, ಎಂಟು ನಂಬರಿನ, ತಲೆಯ ಕೆಳಮೈ ಸಪಾಟಿರುವ ಸ್ಕ್ರೂ. ಕೌಂಟರ್‌ಸಂಕ್ ಹಾಕಿದರೆ ಅದರ ತಲೆ ಬೆಣೆಯಂತೆ ತೂತಿನಲ್ಲಿ ಇಳಿದು ಪಟ್ಟಿಯನ್ನು ಹಿಡಿದುಬಿಡುತ್ತದೆ, ದೊಡ್ಡ ತೂತು ಮಾಡಿದ್ದು ದಂಡ. ಕಂಪನಿಯವರು ಪಟ್ಟಿಗೆ ಕೌಂಟರ್‌ಸಂಕ್ ತೂತೇ ಮಾಡಿ ಯಾಕೆ ಕಳಿಸುತ್ತಾರೋ, ನನಗಂತೂ ತಿಳಿದಿಲ್ಲ. ತಲೆಗಳನ್ನು ರಬ್ಬರ್ ಪಟ್ಟಿ ಮುಚ್ಚುತ್ತದೆ.

ರಬ್ಬರಿನ ಬಣ್ಣದ ಮೇಲೆ ಜಗಳವೇ ಆಯಿತು. ಬಾಯಾರಿಗೆ ಬಂಗಾರದ ಬಣ್ಣದ ಪಟ್ಟಿ, ಕಂದು ರಬ್ಬರ್ ಬೇಕಿತ್ತು, ವಿನೈಲಿಗೆ ಒಪ್ಪುತ್ತದೆ ಅಂತ. ಒಪ್ಪುವುದೇ ತೊಂದರೆ. ವಯಸ್ಸಾದವರಿಗೆ ಇಳಿಯುವಾಗ ಪಾವಟಿಗೆ ಎಲ್ಲಿ ಮುಗಿಯಿತು ಅಂತ ಕಾಣಬೇಕು. ಎರಡು ಪಾವಟಿಗೆಗೆ ಹಳದಿ ರಬ್ಬರ್ ತೂರಿಸಿ, ಕನ್ನಡಕ ತೆಗೆದು ಇಳಿಯಿರಿ ಅಂತ ಅವರ ಮಾವನವರಿಗೇ ಕೇಳಿಕೊಂಡೆ. ಹಳದಿ ಗೆದ್ದಿತು. ಕರೆಂಟ್ ಹೋದಾಗ ಅನುಕೂಲ ಅಂತ ಕತ್ತಲಲ್ಲಿ ಹೊಳೆಯುವ ಟೇಪನ್ನೂ ಒಂದು ಪಾವಟಿಗೆಗೆ ಹಚ್ಚಿ ನೋಡಿದೆ. ನೆಲ ಒರೆಸುವಾಕೆಯ ಫಿನಾಯಿಲಿಗೆ ಅದು ಎರಡು ತಿಂಗಳೂ ತಾಳಲಿಲ್ಲ.

ಬೆಳಗಾವಿಯ ಉದ್ಯಮಬಾಗದಲ್ಲಿ ಒಂದು ಮಿಲಿಯ ಸ್ಟೀಲ್ ತಗಡನ್ನು ಕಾಟಕೋನಕ್ಕೆ ಮಡಚಿಸಿಯೂ ತಂದಿದ್ದೆ. ಅಲ್ಯೂಮಿನಿಯಂಗಿಂತ ಕಡಿಮೆ ಹಿಗ್ಗುತ್ತದೆ, ಫೂಟಿಗೆ ಇಪ್ಪತ್ತು ರೂಪಾಯಿ ಸೋವಿಯೂ ಬಿತ್ತು. ಆದರೆ ಅಂಚು ಕುಡುಗೋಲು, ಮೇಲ್ಮೈ ಜಾರು. ಆ ತುಂಡು ಈಗ ನಮ್ಮ ಅಡಿಗೆಮನೆ ಕಟ್ಟೆಯ ಮೂಲೆಗೆ ಹತ್ತಿದೆ.

ರೊಕ್ಕದ ಲೆಕ್ಕ ನೆನಪಿದ್ದಷ್ಟು ಹೇಳುತ್ತೇನೆ. ಪಟ್ಟಿ 12 ಫೂಟಿನ ಎಂಟು ಉದ್ದ, ಫೂಟಿಗೆ 140ರ ಹಾಗೆ 13,400. ಎಪಾಕ್ಸಿ, ಪುಡಿ 1,600. ಪಿ.ಯು. 1,600. ಡ್ರಿಲ್ ಬಿಟ್, ಸ್ಕ್ರೂ, ಗಿಟ್ಟಿ, ಟೇಪ್ 1,300. ಅಳಿಯನಿಗೆ ನಾಲ್ಕು ರಾತ್ರಿಗೆ 2,800. ಬಿಲ್ಲು 25,300, ಅದರಲ್ಲಿ 3,500 ಕಡಿತ. ನನಗೆ ಉಳಿದದ್ದು 1,100. ನಾಲ್ಕು ರಾತ್ರಿಗೆ! ಮನೆಯಲ್ಲಿ ಹೇಳಲಿಲ್ಲ. ಆದರೆ ಆ ಪಾವಟಿಗೆ ನೋಡಿಯೇ ವಿಜಯಪುರದ ಕೋಚಿಂಗ್ ಕ್ಲಾಸಿನವರು ಕರೆದರು, ಅಲ್ಲಿ 36 ಪಾವಟಿಗೆ, 1,450ಕ್ಕೆ ಒಂದು ರೂಪಾಯಿ ಇಳಿಸಲಿಲ್ಲ. ದಿನಕ್ಕೆ ನೂರಾರು ಹುಡುಗರು ಓಡಿ ಇಳಿಯುವ ಜಾಗ, ವಿಜಯಪುರದ ಬಿಸಿಲು. ಅಲ್ಲಿಯೂ ಒಂದು ಬೇಸಿಗೆ ದಾಟಿತು.

ದವಾಖಾನೆಯಲ್ಲಿ ಎದ್ದದ್ದು ಒಂದೇ, ಕೆಳಗಿನಿಂದ ಮೂರನೆಯದು. ಲಿಫ್ಟ್ ಕೆಟ್ಟ ದಿನ ಆಕ್ಸಿಜನ್ ಸಿಲಿಂಡರನ್ನು ಪಾವಟಿಗೆ ಮೇಲಿಂದ ಧಡಧಡ ಇಳಿಸಿದ್ದರಂತೆ. ಅಲ್ಲಿ ಅಚ್ಚಿನ ಮೂತಿ ಮೂರು ಇಂಚು ಒಡೆದಿತ್ತು. ರಬ್ಬರ್ ಎಳೆದು, ಐದು ಸ್ಕ್ರೂ ಬಿಚ್ಚಿ, ಪಿ.ಯು. ಕೊಯ್ದು, ಅದೇ ಪಟ್ಟಿಗೆ ಟೇಪ್ ಹಚ್ಚಿ ಮತ್ತೆ ಅಚ್ಚು ತೆಗೆದೆ. ವಿನೈಲ್ ಮುಟ್ಟಲಿಲ್ಲ. ಎಲ್ಲ ಸೇರಿ ಎರಡು ತಾಸಿನ ಕೆಲಸ, ಒಣಗುವ ಹೊತ್ತು ಬಿಟ್ಟು.

ಈಗ ಜಮಖಂಡಿಯ ಒಂದು ಹಳೆ ಮನೆಯವರು ಕರೆದಿದ್ದಾರೆ. ಕೆಳಗಿನ ಎರಡು ಪಾವಟಿಗೆಗಳ ತುದಿ ಅರ್ಧಚಂದ್ರದ ಹಾಗೆ ತಿರುಗಿದೆ. ಕಾಟಕೋನದ ಪಟ್ಟಿ ಅಲ್ಲಿ ಬಾಗುವುದಿಲ್ಲ, ಬಾಗಿಸಿದರೆ ಮುರಿಯುತ್ತದೆ. ಒಂದು ಉದ್ದದ ಮೇಲ್ಮೈಗೆ ಅರ್ಧ ಇಂಚಿಗೊಂದು ಸೀಳು ಕೊಟ್ಟು ನೋಡುತ್ತಿದ್ದೇನೆ. ಇಲ್ಲಿಯವರೆಗೆ ಮೂರು ಫೂಟು ಕೆಡಿಸಿದೆ.