ಬಳ್ಳಾರಿ ಬಿಸಿಲು, ಮುದಿ ಮರಗಪ್ಪೆ, ಎಸಿ ಇಲ್ಲದೆ 28 ಡಿಗ್ರಿ

ಹನ್ನೆರಡು ವರ್ಷ ದಾಟಿದ ವೈಟ್ಸ್ ಮರಗಪ್ಪೆ (ಮನೆಯಲ್ಲಿ ಸಾಕುವ ಆಸ್ಟ್ರೇಲಿಯಾ ಮೂಲದ ಕಪ್ಪೆ) ಬಳ್ಳಾರಿಯ ಮೇ ತಿಂಗಳಲ್ಲಿ ಎಸಿ ಇಲ್ಲದೆ ಉಳಿಯಲ್ಲ ಎಂದವರೇ ಹೆಚ್ಚು. ನನ್ನದು ಉಳಿದಿದೆ, ಮೂರು ಬೇಸಿಗೆ. ಹೊರಗೆ 42, ಕೋಣೆಯಲ್ಲಿ 37 ಇದ್ದಾಗ ಕಪ್ಪೆಯ ಟ್ಯಾಂಕಿನೊಳಗೆ 28–29.

ಮೊದಲು ಹಾಳಾದ ದುಡ್ಡಿನ ಲೆಕ್ಕ. ಕೂಲರ್‌ಗೆ ಸುಮಾರು 7,000. ಕಿಟಕಿ ಮುಚ್ಚಿದರೆ ಕೋಣೆ ಜಿಗುಟಾಗಿ 33ಕ್ಕೇ ನಿಲ್ಲುತ್ತದೆ, ತೆರೆದು ನೇರ ಗಾಳಿ ಬಿಟ್ಟರೆ ಕಪ್ಪೆಯ ಚರ್ಮ ಒಣಗುತ್ತದೆ. ಐಸ್ ಬಾಟಲಿ ಇನ್ನೂ ಕೆಟ್ಟದ್ದು: ಒಂದು ತಾಸು 24, ಮತ್ತೆರಡು ತಾಸಿಗೆ 34. ಈ ಏರಿಳಿತಕ್ಕೆ ಎರಡು ವಾರ ಮೇವು ಮುಟ್ಟಲಿಲ್ಲ.

ಕೊನೆಗೆ ಕೈಹಿಡಿದದ್ದು ಗೋಣಿಚೀಲ. ಟ್ಯಾಂಕಿನ ಮುಂದೆ, ಅದರ ಬಾಗಿಲ ಕೆಳಗಿನ ಗಾಳಿಕಿಂಡಿಗೆ ಎದುರಾಗಿ ಮರದ ಚೌಕಟ್ಟಿಗೆ ಎರಡು ಪದರ ಒದ್ದೆ ಗೋಣಿ. ಪಕ್ಕದ ಸಂದುಗಳನ್ನು ಮುಚ್ಚಲೇಬೇಕು, ಇಲ್ಲವೆಂದರೆ ಗಾಳಿ ಒಣಜಾಗದಿಂದಲೇ ನುಗ್ಗುತ್ತದೆ. ಮೇಲಿನ ಜಾಲರಿಯ ಹಿಂದಿನ ಮೂಲೆಗೆ 80 ಎಂಎಂ ಕಂಪ್ಯೂಟರ್ ಫ್ಯಾನ್, ಗಾಳಿ ಹೊರಗೆ ಎಳೆಯುವಂತೆ. ಒಳಕ್ಕೆ ಊದಿಸಬೇಡಿ.

ಗೋಣಿಯ ಅಂಚನ್ನು ನೀರಿನ ತಟ್ಟೆಯಲ್ಲಿ ಬಿಟ್ಟರೆ ಸಾಕೆಂದುಕೊಂಡದ್ದು ತಪ್ಪು. ನೀರು ಗೇಣುದ್ದ ಮಾತ್ರ ಏರಿತು, ಮೇಲ್ಭಾಗ ಒಣಗಿಯೇ ಇತ್ತು. ಅದಕ್ಕೆ ಔಷಧಿ ಅಂಗಡಿಯ ಗ್ಲೂಕೋಸ್ ಡ್ರಿಪ್ ಸೆಟ್ ಮೇಲಿಂದ ಇಳಿಬಿಟ್ಟೆ. ನಿಮಿಷಕ್ಕೆ 40 ಹನಿ, ಅಂದರೆ ತಾಸಿಗೆ 120 ಮಿಲಿ ಆಸುಪಾಸು. ಬೆಳಗ್ಗೆ ಹತ್ತರಿಂದ ಸಂಜೆ ಏಳರವರೆಗೆ ಒಂದು ಲೀಟರ್ ಚಿಲ್ಲರೆ. ಕರೆಂಟು ಹೋದರೆ ಫ್ಯಾನ್‌ಗೆ ರೂಟರಿಗೆ ಹಾಕುವ 12 ವೋಲ್ಟ್ ಮಿನಿ ಯುಪಿಎಸ್, 1,300 ರೂಪಾಯಿ. ಒಟ್ಟು ಖರ್ಚು 2,400ರ ಹತ್ತಿರ.

ಬೋರ್‌ವೆಲ್ ನೀರಾದರೆ ಹದಿನೈದು ದಿನಕ್ಕೆ ಗೋಣಿ ಬಿಳಿ ಉಪ್ಪು ಕಟ್ಟಿ ಹಪ್ಪಳದಂತೆ ಸೆಟೆಯುತ್ತದೆ, ಬದಲಿಸಿ. ಬೂಷ್ಟು ಹಿಡಿಯದಿರಲು ಒಂದು ಉಪಾಯ ಕೈಯಲ್ಲಿದೆ, ಇನ್ನೊಂದು ಬೇಸಿಗೆ ನೋಡಿ ಹೇಳುತ್ತೇನೆ. ಕಪ್ಪೆ ಕೂರುವ ತಟ್ಟೆಗೆ ಮಾತ್ರ ಕ್ಲೋರಿನ್ ತೆಗೆದ ನಲ್ಲಿ ನೀರು, ದಿನಾ ಹೊಸದು.

ಮುದಿಕಪ್ಪೆಯ ಮೊದಲ ಲಕ್ಷಣ ಹುಳ ಹಿಡಿಯುವಾಗ ಗುರಿ ತಪ್ಪುವುದು. ಕಣ್ಣಿನ ಮೇಲೆ ಬಿಳಿ ಪೊರೆಯಿದ್ದರೆ ಕೊಬ್ಬು ಕೂತಿರಬಹುದು, ಇಲಿಮರಿ ತಿನ್ನಿಸುವುದನ್ನು ಅಂದೇ ನಿಲ್ಲಿಸಿ. ಕಣ್ಣು ತಿಳಿಯಾಗಿದ್ದು, ನಾಲಿಗೆ ಹುಳಕ್ಕೆ ತಗುಲಿಯೂ ಅಂಟದೆ ಜಾರಿದರೆ ವಿಟಮಿನ್ ಎ ಕೊರತೆಯ ಅನುಮಾನ. ಬೀಟಾ ಕ್ಯಾರೋಟಿನ್ (ಗಿಡಗಳಲ್ಲಿರುವ ರೂಪ) ಮಾತ್ರ ಇರುವ ವಿಟಮಿನ್ ಪುಡಿಯನ್ನು ನೆಚ್ಚಬೇಡಿ, ರೆಟಿನಾಲ್ (ಸಿದ್ಧ ವಿಟಮಿನ್ ಎ) ಇರುವುದೇ ಬೇಕು, ಹದಿನೈದು ದಿನಕ್ಕೊಮ್ಮೆ. ಹೆಚ್ಚಾದರೆ ಅದೂ ವಿಷವೇ.

ಮೇವು ವಾರಕ್ಕೊಮ್ಮೆ, ಮೂರು ನಾಲ್ಕು ಡೂಬಿಯಾ ಜಿರಳೆ (ಮೇವಿಗೆಂದೇ ಸಾಕುವ ಜಾತಿ), ಪ್ಲಾಸ್ಟಿಕ್ ಚಿಮುಟದಲ್ಲಿ. ಮೂತಿಯ ಎದುರು ಹಿಡಿದರೆ ಮುಖ ತಿರುಗಿಸುತ್ತದೆ. ತುಟಿಯ ಬದಿಗೆ ಹುಳದ ಕಾಲು ತಾಗಿಸಿ ಕಾಯಿರಿ. ಮೊದಲು ಗಂಟಲು ವೇಗವಾಗಿ ಅದುರುತ್ತದೆ, ಆಮೇಲೆ ಬಾಯಿ. ಎರೆಗೊಬ್ಬರದ ತೊಟ್ಟಿಯ ಸಣ್ಣ ಕೆಂಪು ಎರೆಹುಳವನ್ನೂ ಕೊಟ್ಟು ನೋಡಿದ್ದಾಯಿತು, ಅದರ ಕಹಿ ಲೋಳೆಗೆ ಉಗುಳಿಬಿಟ್ಟಿತು. ಡೂಬಿಯಾಗೆ ನಮ್ಮ ಸೆಕೆಯೇ ಹಬ್ಬ: ಮೊಟ್ಟೆ ಟ್ರೇ, ಜೋಳದ ತೌಡು, ನುಗ್ಗೆಸೊಪ್ಪು ಇಟ್ಟರೆ ಹೀಟರ್ ಇಲ್ಲದೆ ಮರಿ ಹಾಕುತ್ತವೆ.

ಕೊಂಬೆಗಳು ಮುಂಗೈ ದಪ್ಪ, ನೆಲದಿಂದ ಒಂದಡಿಗಿಂತ ಎತ್ತರ ಬೇಡ, ಹಿಡಿತ ಸಡಿಲಾಗಿ ಬೀಳುತ್ತದೆ. ನೆಲಕ್ಕೆ ತೆಂಗಿನ ನಾರಿನ ಬದಲು ಒದ್ದೆ ಟಿಶ್ಯೂ. ವಾರಕ್ಕೊಮ್ಮೆ ತೂಗಿ. 70 ಗ್ರಾಮಿನದು 63ಕ್ಕೆ ಇಳಿದರೆ ಕಾಯದೆ ವೈದ್ಯರಿಗೆ ತೋರಿಸಿ. ಬೆಂಗಳೂರಿಗೆ ಒಯ್ಯುವುದಾದರೆ ರಾತ್ರಿ ಪ್ರಯಾಣ, ಡಬ್ಬಿಯಲ್ಲಿ ಒದ್ದೆ ಸ್ಪಂಜು.

ಜೂನ್‌ನಲ್ಲಿ ಗಾಳಿಗೆ ತೇವ ಬಂತೆಂದರೆ ಗೋಣಿ ತೆಗೆಯಿರಿ, ಫ್ಯಾನ್ ಇರಲಿ. ಆಗ ಗೋಣಿ ತಂಪು ಮಾಡುವುದಿಲ್ಲ, ಒಳಗೆ ತೇವ ಶೇ. 85 ದಾಟುತ್ತದೆ, ಅಷ್ಟೆ. ಆ ದಿನಗಳಲ್ಲಿ ಬೆಳಗ್ಗೆ ಎದ್ದ ಕೂಡಲೇ ಕಪ್ಪೆಯ ತೊಡೆಯ ಒಳಭಾಗ ನೋಡಿ: ಕೆಂಪಾಗಿದ್ದರೆ ಸೋಂಕಿರಬಹುದು, ಮನೆಮದ್ದು ಬೇಡ.