ಮಿನ್ನೆಸೋಟಕ್ಕೆ ಹೊಸದಾಗಿ ಬಂದವರಿಗೆ: ಮೊದಲ ಹಿಮಕ್ಕೆ ಮುಂಚೆ ಕಾರಿನಲ್ಲಿ ಇಡಬೇಕಾದ್ದು

ಹೊಸಬರು ಸಿಕ್ಕಾಗೆಲ್ಲ ಅಕ್ಟೋಬರಿನಲ್ಲಿ ನಾನು ಕೇಳುವುದು ಒಂದೇ ಪ್ರಶ್ನೆ: "ಕಾರಿನಲ್ಲಿ ಕಂಬಳಿ ಇದೆಯಾ?" ಜಾಕೆಟ್ ಕೊಂಡಿರುತ್ತಾರೆ, ಬೂಟು ಕೊಂಡಿರುತ್ತಾರೆ, ಮನೆಯ ಹೀಟರ್ ರಿಪೇರಿ ಮಾಡಿಸಿರುತ್ತಾರೆ. ಕಾರಿನ ನೆನಪೇ ಆಗಿರುವುದಿಲ್ಲ. ಇನ್ನೂ ಟೈಮಿದೆ ಅಂದುಕೊಳ್ಳಬೇಡಿ. 1991ರಲ್ಲಿ ಅಕ್ಟೋಬರ್ 31ಕ್ಕೆ ಶುರುವಾದ ಹಿಮ ಟ್ವಿನ್ ಸಿಟೀಸ್‌ನಲ್ಲಿ, ಅಂದರೆ ಮಿನಿಯಾಪೊಲಿಸ್ ಮತ್ತು ಸೇಂಟ್ ಪಾಲ್‌ನಲ್ಲಿ, 28 ಇಂಚು ದಾಟಿತ್ತು.

ಇಲ್ಲಿಯ ಕಾರು ನಮಗೆ ಚಳಿಯನ್ನೇ ಮರೆಸಿಬಿಡುತ್ತದೆ. ಗರಾಜಿನಲ್ಲಿ ಹತ್ತುತ್ತೀರಿ, ಹೀಟರ್ ಹಾಕುತ್ತೀರಿ, ಐದು ನಿಮಿಷದಲ್ಲಿ ಒಳಗೆ ಬೆಂಗಳೂರಿನ ಸಂಜೆಯ ಹಾಗೆ ಇರುತ್ತದೆ. ಗಾಜಿನ ಆಚೆ ಮಾತ್ರ ಮೈನಸ್ 20 ಫ್ಯಾರನ್‌ಹೀಟ್. 2019ರ ಜನವರಿ ಕೊನೆಯಲ್ಲಿ ಮಿನಿಯಾಪೊಲಿಸ್‌ನಲ್ಲೇ ಮೈನಸ್ 28ಕ್ಕೆ ಇಳಿದಿತ್ತು. ನಮ್ಮ ಲೆಕ್ಕದಲ್ಲಿ ಮೈನಸ್ 33 ಡಿಗ್ರಿ. ಎಂಜಿನ್ ನಿಂತರೆ ಆ ಬೆಚ್ಚಗಿನದು ಅರ್ಧ ಗಂಟೆ ಕೂಡ ಉಳಿಯುವುದಿಲ್ಲ. ಅದಕ್ಕೇ ಹೇಳುತ್ತೇನೆ, ಕಾರಿನ ಒಳಗಿನ ಹವೆಗೆ ಅಲ್ಲ, ಹೊರಗಿನ ಹವೆಗೆ ಬಟ್ಟೆ ಹಾಕಿಕೊಂಡು ಹೊರಡಿ. ಚಪ್ಪಲಿ ಮೆಟ್ಟಿಕೊಂಡು ಹಾಲು ತರೋಕೆ ಹೋಗುವುದು ಇವತ್ತಿಗೇ ಸಾಕು.

ನಮಗೆ ಇದು ಅರ್ಥವಾಗಿದ್ದು ಎರಡನೇ ಚಳಿಗಾಲದಲ್ಲಿ. ಶಿಕಾಗೊದಿಂದ ವಾಪಸ್ ಬರುತ್ತಿದ್ದೆವು. ನಾನು, ನನ್ನ ಹೆಂಡತಿ, ಮೂರು ವರ್ಷದ ಮಗಳು. ವಿಸ್ಕಾನ್ಸಿನ್‌ನ ಓ ಕ್ಲೇರ್ ದಾಟಿದ ಮೇಲೆ ಗಾಳಿ ಎದ್ದಿತು. ಹಿಮ ಮೇಲಿಂದ ಬೀಳುತ್ತಿರಲಿಲ್ಲ, ಬಯಲಿನಿಂದ ಅಡ್ಡಡ್ಡ ಹಾರಿ ಬರುತ್ತಿತ್ತು. ಕಾರು ಸುಮ್ನೆ ಜಾರಿ ಎರಡು ರಸ್ತೆಗಳ ನಡುವಿನ ತಗ್ಗಿಗೆ ಇಳಿಯಿತು. ಯಾರಿಗೂ ಪೆಟ್ಟಾಗಲಿಲ್ಲ. 911ಕ್ಕೆ ಫೋನ್ ಮಾಡಿದರೆ, ಸಾಲಾಗಿ ಕಾರುಗಳು ಬಿದ್ದಿವೆ, ಒಳಗೇ ಇರಿ, ತಡವಾಗುತ್ತದೆ ಅಂದರು. ಮೂರು ಗಂಟೆ ಕಾದೆವು.

ಜಾಕೆಟುಗಳೆಲ್ಲ ಡಿಕ್ಕಿಯಲ್ಲಿದ್ದವು. ಮಗಳ ಮೈಮೇಲೆ ಬರೀ ಸ್ವೆಟರ್. ಕಾರ್ ಸೀಟಿನಲ್ಲಿ ಮಕ್ಕಳಿಗೆ ದಪ್ಪ ಜಾಕೆಟ್ ಹಾಕಿ ಬೆಲ್ಟ್ ಕಟ್ಟಬಾರದು, ಬೆಲ್ಟ್ ಸಡಿಲವಾಗುತ್ತದೆ. ಆ ನಿಯಮ ಸರಿಯಾದದ್ದೇ. ಆದರೆ ಜಾಕೆಟ್ ಕೈಗೆ ಸಿಗುವ ಜಾಗದಲ್ಲಿ ಇರಬೇಕಿತ್ತು. ನಾನು ಇಳಿದು ಡಿಕ್ಕಿ ಎಳೆದೆ. ರಬ್ಬರ್ ಹೆಪ್ಪುಗಟ್ಟಿ ಅಂಟಿಕೊಂಡಿತ್ತು. ಮೂರನೇ ಸಲ ಎಳೆದಾಗ ಬಂತು. ಆ ಎರಡು ನಿಮಿಷಕ್ಕೆ ಕಿವಿ ಸುಟ್ಟ ಹಾಗೆ ಉರಿಯಿತು. ಒಳಗೆ ನಮ್ಮ ಉಸಿರೇ ಗಾಜಿನ ಮೇಲೆ ಮಂಜಾಗಿ ಕೂತಿತ್ತು. ಆಫೀಸಿನ ಐಡಿ ಕಾರ್ಡಿನಲ್ಲಿ ಕೆರೆದು ಹೊರಗೆ ನೋಡುತ್ತಿದ್ದೆ. ಮಗಳನ್ನು ಬೆಚ್ಚಗಿಟ್ಟಿದ್ದು ಅಮ್ಮ ಊರಿಂದ ಕಳಿಸಿದ್ದ ಕರಿ ಕಂಬಳಿ, ಕುರಿಯ ಉಣ್ಣೆಯದ್ದು. ಅದರ ಮೇಲೆ ಮಲಗುವ ಅಭ್ಯಾಸ ಅವಳಿಗೆ ಇದ್ದದ್ದರಿಂದ ಮಾತ್ರ ಅದು ಸೀಟಿನಲ್ಲಿತ್ತು.

ಆದ್ದರಿಂದ ಮೊದಲ ಮಾತು: ಸಾಮಾನು ಡಿಕ್ಕಿಯಲ್ಲಿ ಬೇಡ. ಡ್ರೈವರ್ ಸೀಟಿನ ಹಿಂದೆ ಒಂದು ಚೀಲದಲ್ಲಿರಲಿ. ತಲೆಗೊಂದು ಕಂಬಳಿ, ಉಣ್ಣೆಯದ್ದಾದರೆ ಒಳ್ಳೆಯದು, ಒದ್ದೆಯಾದರೂ ಸ್ವಲ್ಪ ಬಿಸಿ ಹಿಡಿಯುತ್ತದೆ. ಹತ್ತಿ ಒದ್ದೆಯಾದರೆ ಇನ್ನೂ ಚಳಿ. ಒಂದೊಂದು ಜೊತೆ ಕೈಗವಸು, ಕಾಲುಚೀಲ, ಕಿವಿ ಮುಚ್ಚುವ ಟೋಪಿ. ಬಾಣಂತನಕ್ಕೆ ಅಂತ ಅಪ್ಪ ಅಮ್ಮ ಚಳಿಗಾಲದಲ್ಲಿ ಬಂದಿದ್ದರೆ ಅವರಿಗೂ ಲೆಕ್ಕ ಹಾಕಿ. ಸೀರೆ ಉಟ್ಟು, ಕಾಲುಚೀಲದ ಮೇಲೆ ಚಪ್ಪಲಿ ಹಾಕಿ ದೇವಸ್ಥಾನಕ್ಕೆ ಹೊರಟ ಅತ್ತೆಯನ್ನು ರಸ್ತೆ ಬದಿ ಹಿಮದಲ್ಲಿ ನಡೆಸೋಕಾಗುತ್ತಾ? ಒಂದು ಜೊತೆ ಬೂಟು ಕಾರಿನಲ್ಲೇ ಇರಲಿ. ಬಿಪಿ, ಶುಗರ್ ಮಾತ್ರೆ ಒಂದು ದಿನಕ್ಕಾಗುವಷ್ಟು ಪರ್ಸಿನಲ್ಲಿರಲಿ. ಇನ್ಸುಲಿನ್ ಹೆಪ್ಪುಗಟ್ಟಿದರೆ ಕೆಡುತ್ತದೆ. ಅದನ್ನು ಕಾರಿನಲ್ಲಿ ಬಿಟ್ಟು ಬರಬೇಡಿ, ಹೊತ್ತುಕೊಂಡು ಹೋಗುವಾಗ ಜಾಕೆಟಿನ ಒಳಜೇಬಿನಲ್ಲಿಡಿ.

ತಿನ್ನೋಕೆ ನಮ್ಮದೇ ತಿಂಡಿ ಸಾಕು. ಶೇಂಗಾ ಚಿಕ್ಕಿ, ಒಣ ಖರ್ಜೂರ, ಬಾದಾಮಿ. ಚಕ್ಕುಲಿ, ಖಾರದ ಅವಲಕ್ಕಿ ಜಾಸ್ತಿ ಬೇಡ, ಬಾಯಾರಿಕೆ ಆಗುತ್ತದೆ. ನೀರಿನ ಬಾಟಲಿ ಪೂರ್ತಿ ತುಂಬಿಸಬೇಡಿ, ಗಟ್ಟಿಯಾದಾಗ ಹಿಗ್ಗಿ ಒಡೆಯುತ್ತದೆ. ದೂರ ಹೊರಟರೆ ಫ್ಲಾಸ್ಕಿನಲ್ಲಿ ಬಿಸಿನೀರು ಇಟ್ಟುಕೊಳ್ಳಿ. ಹಿಮವನ್ನು ಹಾಗೇ ಬಾಯಿಗೆ ಹಾಕಬಾರದು, ಕರಗಿಸೋಕೆ ಮೈಯ ಬಿಸಿಯೇ ಖರ್ಚಾಗುತ್ತದೆ. ಇಲ್ಲಿಯ ಹಳಬರು ಕಾಫಿ ಡಬ್ಬಿಯಲ್ಲಿ ಮೇಣದಬತ್ತಿ, ಬೆಂಕಿಪೊಟ್ಟಣ ಹಾಕಿಡುತ್ತಾರೆ. ಅದೇ ಡಬ್ಬಿಯಲ್ಲಿ ಹಿಮ ಕರಗಿಸಬಹುದು. ಹಚ್ಚಿದರೆ ಕಿಟಕಿ ಬೆರಳಷ್ಟು ತೆಗೆದಿರಲಿ.

ಕಾರಿಗೆ ಬೇಕಾದದ್ದು: ಐಸ್ ಕೆರೆಯೋಕೆ ಬ್ರಷ್ ಇರುವ ಸ್ಕ್ರೇಪರ್, ಮಡಚುವ ಸಲಿಕೆ, ಟಾರ್ಚು, ಜಂಪ್ ಕೇಬಲ್, ಒಂದು ಸಣ್ಣ ಚೀಲ ಮರಳು. ಚಕ್ರ ಸುಮ್ನೆ ತಿರುಗುತ್ತಿದ್ದರೆ ಮರಳು ಎರಚಿ ಮೆಲ್ಲಗೆ ಮುಂದೆ ಹೋಗಬೇಕು. ಮರಳಿಲ್ಲದಿದ್ದರೆ ಕಾಲಡಿಯ ಮ್ಯಾಟನ್ನೇ ಚಕ್ರದ ಕೆಳಗೆ ಕೊಡಿ. ಗಾಜಿಗೆ ಹಾಕುವ ನೀಲಿ ನೀರು ಚಳಿಗಾಲದ್ದೇ ಇರಬೇಕು. ಬೇಸಿಗೆಯದ್ದು ಗಾಜಿನ ಮೇಲೆ ಬಿದ್ದ ಕೂಡಲೇ ಗಟ್ಟಿಯಾಗಿ ರಸ್ತೆಯೇ ಕಾಣುವುದಿಲ್ಲ. ಡಿಕ್ಕಿಯಲ್ಲಿ ಸ್ಟೆಪ್ನಿ ಇದೆಯಾ ಅಂತ ಇವತ್ತೇ ತೆಗೆದು ನೋಡಿ, ಎಷ್ಟೋ ಹೊಸ ಕಾರುಗಳಲ್ಲಿ ಇರುವುದೇ ಇಲ್ಲ. ಹತ್ತು ಡಿಗ್ರಿ ಫ್ಯಾರನ್‌ಹೀಟ್ ಇಳಿದರೆ ಟೈರಿನ ಗಾಳಿ ಸುಮಾರು ಒಂದು ಪಿಎಸ್ಐ ಇಳಿಯುತ್ತದೆ.

ಬ್ಯಾಟರಿ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ಸೊನ್ನೆ ಫ್ಯಾರನ್‌ಹೀಟ್‌ನಲ್ಲಿ ಅದರ ಶಕ್ತಿ ಅರ್ಧಕ್ಕಿಂತ ಕಮ್ಮಿಯಾಗುತ್ತದೆ, ಎಂಜಿನ್ನಿಗೆ ಮಾತ್ರ ತಿರುಗೋಕೆ ಜಾಸ್ತಿ ಶಕ್ತಿ ಬೇಕು. ಮೂರು ನಾಲ್ಕು ವರ್ಷದ ಬ್ಯಾಟರಿಯಾದರೆ ಈಗಲೇ ಟೆಸ್ಟ್ ಮಾಡಿಸಿ. ಕೇಬಲ್ ಹಾಕುವ ಕ್ರಮ ಬಾಯಿಪಾಠ ಇರಲಿ: ಕೆಂಪು ಮೊದಲು ಸತ್ತ ಬ್ಯಾಟರಿಯ ಪ್ಲಸ್‌ಗೆ, ಅದರ ಇನ್ನೊಂದು ತುದಿ ಒಳ್ಳೆಯದರ ಪ್ಲಸ್‌ಗೆ. ಕಪ್ಪು ಒಳ್ಳೆಯದರ ಮೈನಸ್‌ಗೆ, ಅದರ ಕೊನೆಯ ತುದಿ ನಿಮ್ಮ ಎಂಜಿನ್ನಿನ ಬಣ್ಣವಿಲ್ಲದ ಕಬ್ಬಿಣದ ಭಾಗಕ್ಕೆ. ಸತ್ತ ಬ್ಯಾಟರಿಯ ಮೈನಸ್‌ಗೆ ಬೇಡ, ಕಿಡಿ ಹಾರುತ್ತದೆ. ಬಿಚ್ಚುವಾಗ ಇದೇ ಉಲ್ಟಾ.

ಟ್ಯಾಂಕು ಅರ್ಧಕ್ಕಿಂತ ಕೆಳಗೆ ಇಳಿಯೋಕೆ ಬಿಡಬೇಡಿ. ಸಿಕ್ಕಿಹಾಕಿಕೊಂಡಾಗ ಆ ಪೆಟ್ರೋಲೇ ನಿಮ್ಮ ಬಿಸಿ. ಎಲೆಕ್ಟ್ರಿಕ್ ಕಾರಾದರೆ ಚಾರ್ಜು ಹಾಗೆ, ಸೀಟ್ ಹೀಟರ್ ಹಾಕಿಕೊಂಡರೆ ಜಾಸ್ತಿ ಹೊತ್ತು ಬರುತ್ತದೆ.

ಇನ್ನು ಎಲ್ಲಕ್ಕಿಂತ ಮುಖ್ಯವಾದದ್ದು ಸೈಲೆನ್ಸರ್. ಹಿಂದಿನ ಹೊಗೆ ಕೊಳವೆಗೆ ಹಿಮ ತುಂಬಿದರೆ ಕಾರ್ಬನ್ ಮಾನಾಕ್ಸೈಡ್ ಕಾರಿನೊಳಗೆ ಬರುತ್ತದೆ. ಅದಕ್ಕೆ ವಾಸನೆಯಿಲ್ಲ, ನಿದ್ದೆ ಬಂದ ಹಾಗೆ ಆಗುತ್ತದೆ, ಅಷ್ಟೇ. ಎಂಜಿನ್ ಹಾಕುವ ಮುಂಚೆ ಪ್ರತಿ ಸಲ ಇಳಿದು ಸಲಿಕೆಯಲ್ಲಿ ಕೊಳವೆಯ ಸುತ್ತ ಬಿಡಿಸಿ. ಗಂಟೆಗೆ ಹತ್ತು ನಿಮಿಷ ಎಂಜಿನ್ ಓಡಿಸಿ, ಗಾಳಿ ಬೀಸದ ಕಡೆಯ ಕಿಟಕಿ ಒಂಚೂರು ಇಳಿಸಿ. ದೂರದಲ್ಲಿ ದೀಪ ಕಂಡಿತು ಅಂತ ಕಾರು ಬಿಟ್ಟು ನಡೆಯಬೇಡಿ. ಹಾರುವ ಹಿಮದಲ್ಲಿ ದಿಕ್ಕೇ ತಿಳಿಯುವುದಿಲ್ಲ, ಹುಡುಕಿ ಬರುವವರಿಗೆ ಮೊದಲು ಕಾಣುವುದು ಕಾರು. ಆಂಟೆನಾಗೋ ಬಾಗಿಲಿಗೋ ಕೆಂಪು ಬಟ್ಟೆ ಕಟ್ಟಿ. ಫೋನನ್ನು ಅಂಗಿಯೊಳಗೆ ಇಟ್ಟುಕೊಳ್ಳಿ, ಚಳಿಗೆ ಅದರ ಚಾರ್ಜು ಬೇಗ ಇಳಿಯುತ್ತದೆ. ದಾರಿಯಲ್ಲಿ ಹಸಿರು ಬೋರ್ಡಿನ ಮೈಲಿ ನಂಬರು ಗಮನಿಸುತ್ತಿರಿ, 911ರವರು ಕೇಳುವುದು ಅದನ್ನೇ.

ಇದು ಮಿನ್ನೆಸೋಟದವರಿಗೆ ಮಾತ್ರ ಅಲ್ಲ. 2022ರ ಜನವರಿ 3ರಂದು ವರ್ಜೀನಿಯಾದ ಐ-95 ಹೆದ್ದಾರಿಯಲ್ಲಿ, ಫ್ರೆಡರಿಕ್ಸ್‌ಬರ್ಗ್ ಸುತ್ತಮುತ್ತ, ಹಿಮಕ್ಕೆ ಸಿಕ್ಕಿ ಜನ ಇಡೀ ರಾತ್ರಿ ಕಾರಿನಲ್ಲೇ ಕಳೆದರು. ಸೆನೆಟರ್ ಟಿಮ್ ಕೇನ್ ವಾಷಿಂಗ್ಟನ್ ತಲುಪೋಕೆ 27 ಗಂಟೆ ಹಿಡಿಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ನ್ಯೂಯಾರ್ಕ್ ರಾಜ್ಯದ ಬಫಲೋದ ಹಿಮಗಾಳಿಯಲ್ಲಿ ಕೆಲವರು ಕಾರಿನಲ್ಲೇ ತೀರಿಕೊಂಡರು.

ಹೊರಡುವ ಮುಂಚೆ ರಾಜ್ಯದ ರಸ್ತೆ ಮಾಹಿತಿ ಸೇವೆ 511ರಲ್ಲಿ ರಸ್ತೆ ಹೇಗಿದೆ ನೋಡಿ. "ನೋ ಟ್ರಾವೆಲ್ ಅಡ್ವೈಸ್ಡ್" ಅಂತ ಇದ್ದರೆ ಹೊರಡಲೇಬೇಡಿ. ಮದುವೆ ಇರಲಿ, ಫ್ಲೈಟ್ ಇರಲಿ. ಯಾವ ದಾರಿ, ಎಷ್ಟು ಹೊತ್ತಿಗೆ ಅಂತ ಒಬ್ಬರಿಗಾದರೂ ಹೇಳಿ ಹೋಗಿ. ಇಲ್ಲಿ ಯಾರೂ ಪರಿಚಯ ಇಲ್ಲ ಅಂದರೆ ಮುಂದಿನ ಕನ್ನಡ ಕೂಟದಲ್ಲಿ ಬಂದು ಮಾತಾಡಿಸಿ. ಒಂದು ಹೆಚ್ಚಿನ ಕಂಬಳಿ ನನ್ನ ಕಾರಿನಲ್ಲಿ ಯಾವಾಗಲೂ ಇರುತ್ತದೆ, ತಗೊಂಡು ಹೋಗಿ.