ಎಕ್ಸೆಲ್ ಶೀಟಲ್ಲಿ ಅಪ್ಪನ ಕಾಲಂ ಇರ್ಲಿಲ್ಲ

ಬೆಂಗಳೂರಲ್ಲಿ ಟೆಸ್ಟಿಂಗ್ ಕೆಲಸ ಬಿಟ್ಟು ಕಾಸರಗೋಡಿನ ಪೆರ್ಲದ ಹತ್ರ ನಮ್ಮ ಅಡಕೆ ತೋಟಕ್ಕೆ ನಾನು ಬಂದದ್ದು 2021ರಲ್ಲಿ. ಈಗ ಯಾರಾದ್ರೂ ಫೋನ್ ಮಾಡಿ ನಾವೂ ಊರಿಗೆ ಬರುವಾ ಅಂತ ಉಂಟು, ಹೇಗೆ ಅಂತ ಕೇಳಿದ್ರೆ ಮೊದಲಿನ ಹಾಗೆ ತಟ್ಟನೆ ಬನ್ನಿ ಮಾರಾಯ್ರೆ ಅಂತ ಬಾಯಿಗೆ ಬರುದಿಲ್ಲ.

ಹೊರಡುವ ಮೊದಲು ಎಕ್ಸೆಲ್ ಶೀಟ್ ಮಾಡಿದ್ದೆ. ಗೊಬ್ಬರ, ಕರೆಂಟು, ಕೊಯ್ಲು, ಸುಲಿಯುವ ಕೂಲಿ ಎಲ್ಲದಕ್ಕೂ ಕಾಲಂ. ಆದ್ರೆ ಅಪ್ಪ ಬೆಳಗ್ಗೆ ಎದ್ದು ಸ್ಪ್ರಿಂಕ್ಲರ್ ಬದಲಿಸುದು, ನೀರಿನ ಸುರಂಗದ ಬಾಯಿಯ ಕೆಸರು ತೆಗೆಯುದು, ಬಿದ್ದ ಅಡಕೆ ಹೆಕ್ಕುದು, ಇದಕ್ಕೆಲ್ಲ ಕಾಲಂ ಇರ್ಲಿಲ್ಲ, ಫ್ರೀ ಅಂತ ಲೆಕ್ಕ. ಎರಡನೇ ವರ್ಷ ಅವರ ಮೊಣಗಂಟು ಕೈಕೊಟ್ಟಿತು, ಆಗ ನನ್ನ ಲೆಕ್ಕವೂ ಕುಂಟಿತು.

ಸುರಂಗದ ಬಗ್ಗೆ ಮಾತ್ರ ಬೇಜಾರಿಲ್ಲ. ಗುಡ್ಡದ ಹೊಟ್ಟೆಗೆ ಅಡ್ಡಕ್ಕೆ ಕೊರೆದದ್ದು, ಪಂಪು ಬೇಡ, ನೀರು ತಾನೇ ಹರಿದು ಟಾಂಕಿಗೆ ಬೀಳ್ತದೆ.

ತಲೆಬಿಸಿ ಇರುದು ಮಹಾಳಿಯದ್ದು, ಅಂದ್ರೆ ಮಳೆಗಾಲದಲ್ಲಿ ಅಡಕೆ ಕೊಳೆತು ಉದುರುವ ರೋಗ. ಅದಕ್ಕೆ ಬಿಡುವ ಮದ್ದು ಹೀಗೆ: 1 ಕಿಲೋ ಮೈಲುತುತ್ತು 50 ಲೀಟರ್ ನೀರಲ್ಲಿ, 1 ಕಿಲೋ ಸುಣ್ಣ ಬೇರೆ 50 ಲೀಟರಲ್ಲಿ, ತುತ್ತಿನ ನೀರನ್ನು ಸುಣ್ಣದ ನೀರಿಗೆ ಹೊಯ್ಯಬೇಕು, ಉಲ್ಟಾ ಮಾಡ್ಬಾರ್ದು, ಕಬ್ಬಿಣದ ಪಾತ್ರೆ ಆಗುದಿಲ್ಲ, ಉಜ್ಜಿದ ಕತ್ತಿ ಅದ್ದಿ ನೋಡಿ ತಾಮ್ರದ ಬಣ್ಣ ಹಿಡಿದ್ರೆ ಸುಣ್ಣ ಸಾಲದು. ಇದೆಲ್ಲ ಒಂದೇ ವಾರದಲ್ಲಿ ಕಲಿತೆ. ಕಲಿಯಲಿಕ್ಕೆ ಆಗದ್ದು ಮರ ಹತ್ತುದು! ಮಳೆ ಹಿಡಿಯುವ ಮೊದಲು ಒಂದು ಸಲ ಮದ್ದು ಬಿಟ್ಟಾಯ್ತು, 45 ದಿನಕ್ಕೆ ಎರಡನೇದು ಬಿಡ್ಬೇಕು, ಹತ್ತುವವನಿಗೆ ಫೋನ್ ಮಾಡಿದ್ರೆ 'ನಾಡಿದ್ದು ಬರ್ತೇನೆ ಅಣ್ಣಾ', ನಾಡಿದ್ದು ಮಳೆ, ಆಮೇಲೆ ಅವನಿಗೆ ಬೇರೆ ಕಡೆ ಕೆಲಸ, ಹೀಗೇ 12 ದಿನ ತಡ ಆಯ್ತು ನೋಡಿ, ಎಳೆ ಅಡಕೆ ಬೂಸ್ಟು ಹಿಡಿದು ಬುಡ ತುಂಬಾ ಉದುರಿತು. ಆಫೀಸಲ್ಲಿ ಡೆಡ್‌ಲೈನ್ ತಪ್ಪಿದ್ರೆ ಮ್ಯಾನೇಜರಿಗೆ ಎಂತದಾದ್ರೂ ಹೇಳ್ಬಹುದಿತ್ತು. ಮುಂದಿನ ವರ್ಷ ಕಾರ್ಬನ್ ಫೈಬರ್ ದೋಟಿ, ಅಂದ್ರೆ ಉದ್ದದ ಕೋಲು, ತೆಗೆದೆ, ನೆಲದಲ್ಲೇ ನಿಂತು ಮದ್ದು ಬಿಡ್ಬಹುದು, ಆದ್ರೆ ಸಂಜೆಗೆ ಕುತ್ತಿಗೆ ತಿರುಗುದಿಲ್ಲ.

ಇನ್ನೊಂದು, ಕಾಗದಪತ್ರ. 1956ರಲ್ಲಿ ರಾಜ್ಯಗಳ ಗಡಿ ಬದಲಾದಾಗಿಂದ ನಮ್ಮ ಊರು ಕೇರಳ, ಆದ್ರೆ ನಾನು ಓದಿದ್ದು ಕನ್ನಡ ಮೀಡಿಯಂ. ಮಲಯಾಳ ಮಾತಾಡ್ತೇನೆ, ಓದುದು ಅಕ್ಷರ ಕೂಡಿಸಿ ಕೂಡಿಸಿ. ಫಾರಂ ಬಂದ್ರೆ ಮಗಳು ಓದಿ ಹೇಳ್ತಾಳೆ, ಅವಳಿಗೆ ಅದೊಂದು ಗತ್ತು.

ವಾಪಸ್ ಹೋಗುದಾ? ಅರ್ಧ ಮನಸ್ಸು ಉಂಟು. ಈಗ ಮಧ್ಯಾಹ್ನದ ಮೇಲೆ ಉಪ್ಪರಿಗೆಯಲ್ಲಿ ಕೂತು ಹಳೆ ಕಂಪೆನಿಯದ್ದೇ ಕೆಲಸ ಸ್ವಲ್ಪ ಮಾಡ್ತೇನೆ, ಗುಡುಗು ಬಂದ್ರೆ ನೆಟ್ಟೂ ಇಲ್ಲ ಕರೆಂಟೂ ಇಲ್ಲ. ಮೊನ್ನೆ ಹೊಸ ಶೀಟ್ ಮಾಡಿ ಅಪ್ಪನಿಗೆ ದಿನಗೂಲಿ ಹಾಕಿ ನೋಡಿದೆ, ಕಡೆಯ ಸಾಲು ಕೆಂಪು. ಅವರಿಗೇ ತೋರಿಸಿದೆ. ಕನ್ನಡಕ ಹಾಕಿ ತುಂಬಾ ಹೊತ್ತು ನೋಡಿ, ಆದಿತ್ಯವಾರದ್ದೂ ಸೇರಿಸಿದ್ದೀಯಾ ಇಲ್ವಾ ಅಂತ ಕೇಳಿದ್ರು.